ಕುದಿಯಬಾರದ ಬಾಯ್ಲರ್

ಬಾಯ್ಲರ್ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಬಚ್ಚಲುಮನೆಯ ಮೂಲೆಯಲ್ಲಿ ನಿಂತ, ನಡುವೆ ಕೊಳವೆ ಹಾದ, ಸೌದೆಯನ್ನೋ ತೆಂಗಿನ ಚಿಪ್ಪನ್ನೋ ಉರಿಸಿ ಸ್ನಾನದ ನೀರು ಕಾಯಿಸುವ ತಾಮ್ರದ ಪಾತ್ರೆಯನ್ನು ನಾವು ಹಾಗೇ ಕರೆದುಕೊಂಡು ಬಂದಿದ್ದೇವೆ. ಬ್ರಿಟನ್ನಿನಲ್ಲಿ ಇದೇ ಹೆಸರಿನ ವಸ್ತು ಹೆಚ್ಚಾಗಿ ಅಡುಗೆಮನೆಯ ಗೋಡೆಗೆ ಬಿಗಿದ ಒಂದು ಬಿಳಿ ಪೆಟ್ಟಿಗೆ. ಅದು ಅನಿಲ ಉರಿಸಿ ನೀರು ಕಾಯಿಸುತ್ತದೆ. ಆ ನೀರು ಪಂಪಿನ ಬಲದಿಂದ ಕೋಣೆ ಕೋಣೆಯ ರೇಡಿಯೇಟರುಗಳನ್ನು ಸುತ್ತಿ, ತನ್ನ ಬಿಸಿಯನ್ನು ಅಲ್ಲಿ ಇಳಿಸಿ, ಮತ್ತೆ ಪೆಟ್ಟಿಗೆಗೆ ಮರಳುತ್ತದೆ. ಅಲ್ಲಿನ ಹತ್ತರಲ್ಲಿ ಎಂಟು ಮನೆಗಳಾದರೂ ಚಳಿಗಾಲವನ್ನು ದಾಟುವುದು ಈ ಅನಿಲದ ಬಿಸಿಯಿಂದಲೇ. ಹೆಸರು ಬಾಯ್ಲರ್ ಆದರೂ ಅದರೊಳಗೆ ನೀರು ಕುದಿಯುವುದಿಲ್ಲ, ಕುದಿಯಲೂ ಬಾರದು. ಹಾಗಾದರೆ ಎಷ್ಟು ಕಾಯಬೇಕು? ಕಾರ್ಖಾನೆಯಿಂದ ಬಂದ 75 ಅಥವಾ 80 ಡಿಗ್ರಿಗೇ ಅದನ್ನು ಬಿಟ್ಟುಬಿಡುವುದು ಅಲ್ಲಿನ ಬಹುಕಾಲದ ರೂಢಿ. ಆ ರೂಢಿ ತಪ್ಪು; ತಪ್ಪಿನ ಹೊಣೆ ಮನೆಯವರಿಗಿಂತ ಹೆಚ್ಚಾಗಿ ಬಾಯ್ಲರ್ ಮಾರುವವರದು, ಕೂಡಿಸುವವರದು, ನಿಯಮ ಬರೆಯುವವರದು; ಈಚೆಗೆ ಹಬ್ಬಿದ '60ಕ್ಕೆ ಇಳಿಸಿ' ಎಂಬ ಸಲಹೆ ಸರಿಯಾದದ್ದೇ ಆದರೂ ಅರ್ಧ ದಾರಿಗೆ ನಿಲ್ಲುತ್ತದೆ. ಈ ಬರಹದ ವಾದ ಇಷ್ಟು.

ಮೊದಲು ಎರಡು ಅಂಕಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಇವು ಬೆರೆತಾಗ. ಒಂದು, ಕೋಣೆಯ ಗಾಳಿ ಎಷ್ಟು ಬೆಚ್ಚಗಿರಬೇಕು ಎಂಬುದು. ಇದನ್ನು ಹೇಳುವುದು ಹಜಾರದ ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್; ಸಾಮಾನ್ಯವಾಗಿ 18ರಿಂದ 21 ಡಿಗ್ರಿ. ಇನ್ನೊಂದು, ಆ ಬಿಸಿಯನ್ನು ಹೊತ್ತು ತರುವ ನೀರು ಬಾಯ್ಲರಿನಿಂದ ಹೊರಡುವಾಗ ಎಷ್ಟು ಕಾದಿರಬೇಕು ಎಂಬುದು. ಇದನ್ನು ಹೇಳುವುದು ಬಾಯ್ಲರಿನ ಮುಖದ ಮೇಲೆ ರೇಡಿಯೇಟರ್ ಚಿತ್ರದ ಪಕ್ಕದಲ್ಲಿರುವ ಗುಂಡಿ. ಮೊದಲನೆಯದಕ್ಕಾಗಿ ಮನೆಗಳಲ್ಲಿ ಜಗಳವಾಗುತ್ತದೆ: ಒಬ್ಬರು ಏರಿಸುತ್ತಾರೆ, ಇನ್ನೊಬ್ಬರು ಇಳಿಸುತ್ತಾರೆ. ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ. ಕೋಣೆಯ ಅಂಕಿಯನ್ನು ಇಳಿಸಿದರೆ ಮನೆಗೆ ಬೇಕಾದ ಬಿಸಿಯೇ ಕಡಿಮೆಯಾಗುತ್ತದೆ. ಒಳಗೆ 20, ಹೊರಗೆ 7 ಡಿಗ್ರಿ ಇದ್ದಾಗ ಅಂತರ 13. ಒಂದು ಡಿಗ್ರಿ ಇಳಿಸಿದರೆ ಗೋಡೆ ಕಿಟಕಿಗಳಿಂದ ಸೋರುವ ಬಿಸಿಯಲ್ಲಿ ಹದಿಮೂರರಲ್ಲೊಂದು ಪಾಲು ಉಳಿಯುತ್ತದೆ. ಅದು ದೊಡ್ಡ ಉಳಿತಾಯವೇ, ಆದರೆ ಅದಕ್ಕೆ ಬೆಲೆಯಾಗಿ ಮೈ ಸ್ವಲ್ಪ ಚಳಿ ತಾಳಬೇಕು. ನೀರಿನ ಅಂಕಿಯನ್ನು ಇಳಿಸಿದರೆ ಕೋಣೆ ಅಷ್ಟೇ ಬೆಚ್ಚಗಿರುತ್ತದೆ. ಅದೇ ಬೆಚ್ಚನ್ನು ಕಡಿಮೆ ಅನಿಲದಲ್ಲಿ ಪಡೆಯಬಹುದು. ಇದು ಮಾಯೆಯಂತೆ ಕೇಳಿಸುವುದರಿಂದ ಇದರ ಕಾರಣವನ್ನು ವಿವರವಾಗಿಯೇ ನೋಡಬೇಕು.

ಅಡುಗೆಗೂ ಬಾಯ್ಲರಿಗೂ ಬರುವ ಅನಿಲದ ಬಹುಪಾಲು ಮೀಥೇನ್. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರು ಹುಟ್ಟುತ್ತದೆ. ಉರಿಯ ಬಿಸಿಗೆ ಅದು ಆವಿಯಾಗಿ ಹೊಗೆಕೊಳವೆ ಹಿಡಿದು ಹೊರಡುತ್ತದೆ. ಜನವರಿಯ ಒಂದು ದಿನ ಸಾಧಾರಣ ಮನೆ 80 ಯೂನಿಟ್ (ಕಿಲೋವ್ಯಾಟ್-ಗಂಟೆ) ಅನಿಲ ಉರಿಸಿತು ಎಂದುಕೊಂಡರೆ, ಆ ದಿನ ಹೊಗೆಯ ಜೊತೆ ಹೊರಟ ಆವಿ ನೀರಿನ ಲೆಕ್ಕದಲ್ಲಿ ಹೆಚ್ಚೂಕಡಿಮೆ 12 ಲೀಟರ್, ಒಂದು ಕೊಡದಷ್ಟು. ನೀರನ್ನು ಆವಿ ಮಾಡಲು ಎಷ್ಟು ಶಾಖ ಬೇಕು ಎಂಬುದು ಒಲೆಯ ಮುಂದೆ ನಿಂತ ಎಲ್ಲರಿಗೂ ಗೊತ್ತು: ಕುದಿ ಬಂದಮೇಲೂ ಪಾತ್ರೆಯ ನೀರು ಬತ್ತಿಸಲು ಬಹಳ ಹೊತ್ತು ಉರಿ ಬೇಕಾಗುತ್ತದೆ. ಆವಿಯೊಳಗೆ ಅಡಗಿ ಕೂತ ಈ ಶಾಖವನ್ನೇ ಶಾಲೆಯ ಪುಸ್ತಕ ಗುಪ್ತೋಷ್ಣ ಎನ್ನುತ್ತದೆ. ಆ ಒಂದು ಕೊಡ ನೀರಿನ ಆವಿಯಲ್ಲಿ ಅಡಗಿರುವುದು ಸುಮಾರು 8 ಯೂನಿಟ್, ಅಂದರೆ ದುಡ್ಡು ಕೊಟ್ಟು ಉರಿಸಿದ ಅನಿಲದ ಹತ್ತರಲ್ಲೊಂದು ಪಾಲು. ಆವಿ ಆವಿಯಾಗಿಯೇ ಹೋದರೆ ಆ ಪಾಲು ಬೀದಿಗೆ ಹೋಯಿತು. ಅದು ಬಾಯ್ಲರಿನೊಳಗೇ ತಣಿದು ಮತ್ತೆ ನೀರಾದರೆ ಶಾಖ ಮನೆಗೆ ದಕ್ಕುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಎಂಬ ಯಂತ್ರದ ಹೆಚ್ಚುಗಾರಿಕೆ ಇಷ್ಟೇ: ಹೊಗೆಯನ್ನು ಹೊರಬಿಡುವ ಮೊದಲು ಅದನ್ನು ಮರಳಿ ಬಂದ ನೀರಿನ ಕೊಳವೆಗೆ ಸವರಿ, ಆವಿಯನ್ನು ನೀರಾಗಿಸಿ, ಅಡಗಿದ ಶಾಖವನ್ನು ಕಸಿದುಕೊಳ್ಳುವುದು.

ಆದರೆ ಆವಿ ನೀರಾಗಬೇಕಾದರೆ ಅದಕ್ಕೆ ತಣ್ಣನೆಯ ಮೈ ಸಿಗಬೇಕು. ಅನಿಲದ ಹೊಗೆಯ ಇಬ್ಬನಿ ಬಿಂದು ಸುಮಾರು 55 ಡಿಗ್ರಿ. ರೇಡಿಯೇಟರುಗಳನ್ನು ಸುತ್ತಿ ಮರಳುವ ನೀರು ಅದಕ್ಕಿಂತ ಬಿಸಿಯಾಗಿದ್ದರೆ ಆವಿ ಹಾಗೆಯೇ ತೇಲಿಹೋಗುತ್ತದೆ. 55ಕ್ಕಿಂತ ಕೆಳಗಿಳಿದರೆ ಹನಿಯತೊಡಗುತ್ತದೆ. ಎಷ್ಟು ಕೆಳಗಿಳಿದರೆ ಅಷ್ಟು ಹೆಚ್ಚು. ಹಳೆಯ ಲೆಕ್ಕದಂತೆ ಹೊರಟ ನೀರಿಗೂ ಮರಳಿದ ನೀರಿಗೂ 11 ಡಿಗ್ರಿ ಅಂತರ ಎಂದಿಟ್ಟುಕೊಳ್ಳೋಣ. 75ರಲ್ಲಿ ಹೊರಟರೆ 64ರಲ್ಲಿ ಮರಳುತ್ತದೆ. ಒಂದು ಹನಿಯೂ ಬೀಳದು. 60ರಲ್ಲಿ ಹೊರಟರೆ 49ರಲ್ಲಿ ಮರಳುತ್ತದೆ. ಆವಿಯ ಒಂದು ಪಾಲು ಕೈಗೆ ಸಿಗುತ್ತದೆ. 50ರಲ್ಲಿ ಹೊರಟರೆ 40ರ ಆಸುಪಾಸಿನಲ್ಲಿ ಮರಳುತ್ತದೆ; ಬಹುಪಾಲು ದಕ್ಕುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಕೂಡಿಸುವ ಅನಿಲ ಬಾಯ್ಲರುಗಳು, ಕೆಲವು ವಿನಾಯಿತಿ ಬಿಟ್ಟರೆ, ಕಂಡೆನ್ಸಿಂಗ್ ಬಗೆಯವೇ ಆಗಿರಬೇಕು ಎಂಬ ನಿಯಮ ಬಂತು. ಸರ್ಕಾರ ಯಂತ್ರವನ್ನು ಕಡ್ಡಾಯ ಮಾಡಿತು, ಯಂತ್ರ ಯಾವ ಸ್ಥಿತಿಯಲ್ಲಿ ಆ ಹೆಸರಿಗೆ ತಕ್ಕಂತೆ ದುಡಿಯುತ್ತದೋ ಆ ಸ್ಥಿತಿಯನ್ನು ಕಡ್ಡಾಯ ಮಾಡಲಿಲ್ಲ. ಡಬ್ಬದ ಮೇಲೆ ಶೇಕಡಾ 92 ಎಂದು ಅಚ್ಚಾಗಿರುವ ಬಾಯ್ಲರ್ 75 ಡಿಗ್ರಿಯಲ್ಲಿ ದುಡಿಯುವಾಗ ಆ ಅಂಕಿಯ ಹತ್ತಿರ ಬರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಮನೆ ಮನೆಗಳಲ್ಲಿ ನಡೆದಿರುವುದು ಇದು. ಹೊಸ ಯಂತ್ರ ಬಂದಿದೆ, ಹಳೆಯ ಯಂತ್ರದ ಅಂಕಿ ಹೋಗಿಲ್ಲ.

ಈ ರೂಢಿ ಮೂರ್ಖತನದಿಂದ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಬೇಕು. ಎರಕದ ಕಬ್ಬಿಣದ ಹಳೆಯ ಬಾಯ್ಲರುಗಳಿಗೆ ಬಿಸಿನೀರೇ ಕ್ಷೇಮ. ಹೊಗೆಯ ಆವಿ ಒಳಗೆ ಹನಿದರೆ ಆ ಹನಿ ಹುಳಿಯಾಗಿರುತ್ತದೆ, ಲೋಹವನ್ನು ತಿನ್ನುತ್ತದೆ. ಆದ್ದರಿಂದ ಹನಿಯದಂತೆ ಬಿಸಿ ಇಡುವುದೇ ಅಂದಿನ ಜಾಣತನವಾಗಿತ್ತು. ಹೊಸ ಬಾಯ್ಲರುಗಳ ಒಳಮೈ ತುಕ್ಕು ಹಿಡಿಯದ ಉಕ್ಕಿನದು ಇಲ್ಲವೇ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹುಳಿನೀರು ಹರಿದುಹೋಗಲೆಂದೇ ಅವಕ್ಕೆ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಕಾರಣ ಹೋದಮೇಲೂ ಅಭ್ಯಾಸ ಉಳಿದದ್ದಕ್ಕೆ ಇನ್ನೊಂದು ಕಾರಣವಿದೆ, ಅದು ಕಸುಬಿನದು. ಬಾಯ್ಲರ್ ಕೂಡಿಸಿ ಹೋದವನಿಗೆ 'ಮನೆ ಬೆಚ್ಚಗಾಗುತ್ತಿಲ್ಲ' ಎಂಬ ಕರೆ ಬಂದರೆ ಇನ್ನೊಂದು ದಿನದ ದುಡಿಮೆ ಹಾಳು. 'ಅನಿಲ ಸ್ವಲ್ಪ ಹೆಚ್ಚು ಉರಿಯುತ್ತಿದೆ' ಎಂಬ ಕರೆ ಯಾರಿಂದಲೂ ಬರುವುದಿಲ್ಲ, ಏಕೆಂದರೆ ಮನೆಯವರಿಗೆ ಅದು ತಿಳಿಯುವ ದಾರಿಯೇ ಇಲ್ಲ. 80 ಡಿಗ್ರಿ ಕೂಡಿಸುವವನ ಪಾಲಿಗೆ ವಿಮೆಯಿದ್ದ ಹಾಗೆ. ಅದರ ಕಂತನ್ನು ಮಾತ್ರ ಮನೆಯವರು ವರ್ಷವರ್ಷವೂ ಕಟ್ಟುತ್ತಾರೆ. ಹೊಣೆ ಒಬ್ಬರದು, ಖರ್ಚು ಇನ್ನೊಬ್ಬರದು ಆದಲ್ಲೆಲ್ಲ ಇಂಥ ರೂಢಿಗಳು ಬೇರುಬಿಡುತ್ತವೆ.

ಈ ಬೇರನ್ನು ಅಲ್ಲಾಡಿಸಿದ್ದು ಯುದ್ಧ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಯುರೋಪಿನ ಅನಿಲದ ಬೆಲೆ ಗಗನಕ್ಕೇರಿತು. ಆ ಅಕ್ಟೋಬರಿಗೆಂದು ಬ್ರಿಟನ್ನಿನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಘೋಷಿಸಿದ ಮಿತಿಯ ಪ್ರಕಾರ ಸಾಧಾರಣ ಮನೆಯ ವರ್ಷದ ಅನಿಲ ಮತ್ತು ವಿದ್ಯುತ್ ಬಿಲ್ಲು 3,549 ಪೌಂಡ್ ಆಗಬೇಕಿತ್ತು. ಸರ್ಕಾರ ತಾನೇ ಹಣ ತುಂಬಿ ಅದನ್ನು 2,500ರ ಸುಮಾರಿಗೆ ತಡೆಯಿತು. ಆಗ ಬಾಯ್ಲರಿನ ಗುಂಡಿ ಸುದ್ದಿಯಾಯಿತು. ಉದ್ಯಮದ ಸಂಘಟನೆಯಾದ ಹೀಟಿಂಗ್ ಅಂಡ್ ಹಾಟ್‌ವಾಟರ್ ಇಂಡಸ್ಟ್ರಿ ಕೌನ್ಸಿಲ್ ನೀರಿನ ಬಿಸಿ ಇಳಿಸಿದರೆ ಶೇಕಡಾ 6ರಿಂದ 8ರಷ್ಟು ಉಳಿಯಬಹುದೆಂದು ಅಂದಾಜಿಸಿತು. ನೆಸ್ಟಾ ಎಂಬ ಸಂಸ್ಥೆ ಮನೆಯವರೇ ಇಳಿಸಿಕೊಳ್ಳುವಂತೆ ಹುರಿದುಂಬಿಸುವ ಪ್ರಚಾರ ನಡೆಸಿತು. ಡಿಸೆಂಬರಿನಲ್ಲಿ ಸರ್ಕಾರವೇ ನೀರಿನ ಬಿಸಿಯನ್ನು 75ರಿಂದ 60ಕ್ಕೆ ಇಳಿಸಿ ಎಂದು ಜಾಹೀರಾತು ಕೊಟ್ಟಿತು. ಈ ಪ್ರಚಾರದ ಒಳ್ಳೆಯತನ ಎದ್ದು ಕಾಣುತ್ತದೆ: ಖರ್ಚಿಲ್ಲ, ಉಪಕರಣ ಬೇಡ, ಕೆಟ್ಟರೆ ಮತ್ತೆ ಏರಿಸಬಹುದು. ಆದರೆ 60 ಎಂಬ ಅಂಕಿ ಎಲ್ಲರಿಗೂ ಒಗ್ಗುವಂತೆ ಆರಿಸಿದ ರಾಜಿಯ ಅಂಕಿ. ಯಾರ ಮನೆಯಲ್ಲೂ ದೂರು ಬಾರದಷ್ಟು ಎತ್ತರದಲ್ಲಿ ಅದನ್ನು ನಿಲ್ಲಿಸಲಾಗಿದೆ, ಹಾಗಾಗಿ ಹೆಚ್ಚಿನ ಮನೆಗಳಲ್ಲಿ ದಕ್ಕಬಹುದಾದುದರ ಒಂದು ಪಾಲು ಮಾತ್ರ ದಕ್ಕುತ್ತದೆ. ಹೊಸ ಕಟ್ಟಡ ನಿಯಮವೇ 55 ಎನ್ನುತ್ತಿದ್ದ ಹೊತ್ತಿನಲ್ಲಿ ಸರ್ಕಾರದ ಜಾಹೀರಾತು 60 ಎಂದದ್ದು ಈ ಅಂಜಿಕೆಗೆ ಸಾಕ್ಷಿ.

ನೀರಿನ ಬಿಸಿ ಇಳಿಸಿದರೆ ರೇಡಿಯೇಟರ್ ಕೋಣೆಯನ್ನು ಬೆಚ್ಚಗೆ ಮಾಡಲಾರದು ಎಂಬುದು ಮೊದಲ ಆಕ್ಷೇಪ. ಇದರಲ್ಲಿ ನಿಜವಿದೆ. ರೇಡಿಯೇಟರಿನ ಶಕ್ತಿಯನ್ನು ಅಳೆಯುವುದು ಅದರ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗ. ಆ ಅಂತರ 30ಕ್ಕೆ ಇಳಿದರೆ ಕೊಡುವ ಬಿಸಿ ಅರ್ಧಕ್ಕೆ ಇಳಿಯುತ್ತದೆ. ಅರ್ಧ ಎಂದ ಕೂಡಲೇ ಗಾಬರಿಯಾಗುವುದು ಸಹಜ, ಆದರೆ ಮನೆಗೆ ಪೂರ್ತಿ ಶಕ್ತಿ ಬೇಕಾಗುವುದು ಯಾವಾಗ? ಹೊರಗೆ ಸೊನ್ನೆಗಿಂತ 3 ಡಿಗ್ರಿ ಕೆಳಗಿರುವ, ವರ್ಷಕ್ಕೆ ಕೆಲವೇ ದಿನ ಬರುವ ಚಳಿಗೆ ರೇಡಿಯೇಟರುಗಳನ್ನು ಲೆಕ್ಕ ಹಾಕಿರುತ್ತಾರೆ. ಒಳಗೆ 21 ಬೇಕಾದರೆ ಅಂದಿನ ಅಂತರ 24. ಸಾಮಾನ್ಯ ಚಳಿಗಾಲದ ದಿನ ಹೊರಗೆ 6 ಡಿಗ್ರಿ ಇರುತ್ತದೆ, ಅಂತರ 15. ಅಂದು ಬೇಕಾದ ಬಿಸಿ ಪೂರ್ತಿಯ ಎಂಟರಲ್ಲಿ ಐದು ಪಾಲು ಮಾತ್ರ. ರೇಡಿಯೇಟರುಗಳನ್ನು ಒಂದಿಷ್ಟೂ ಹೆಚ್ಚಿಲ್ಲದೆ ಅಳೆದು ಕೂಡಿಸಿದ್ದರೂ ಆ ದಿನಕ್ಕೆ 60ರ ಆಸುಪಾಸಿನ ನೀರು ಸಾಕು. ನಿಜದಲ್ಲಿ ಯಾರೂ ಹಾಗೆ ಕರಾರುವಾಕ್ಕಾಗಿ ಕೂಡಿಸುವುದಿಲ್ಲ. ಒಂದು ಕೈ ಹೆಚ್ಚೇ ಇರಲಿ ಎನ್ನುತ್ತಾರೆ. ಅದಾದಮೇಲೆ ಎಷ್ಟೋ ಮನೆಗಳ ಕಿಟಕಿಗೆ ಜೋಡಿ ಗಾಜು ಬಂದಿದೆ, ಟೊಳ್ಳುಗೋಡೆಯೊಳಗೆ ತುಂಬು ಬಿದ್ದಿದೆ, ಅಟ್ಟಕ್ಕೆ ದಪ್ಪ ಹೊದಿಕೆ ಬಂದಿದೆ. ಮನೆಯ ಸೋರಿಕೆ ತಗ್ಗಿದೆ, ರೇಡಿಯೇಟರ್ ಅಷ್ಟೇ ಉಳಿದಿದೆ. ಅಳತೆಗಿಂತ ಶೇಕಡಾ 30 ದೊಡ್ಡ ರೇಡಿಯೇಟರ್ ಇರುವ ಮನೆಗೆ ಆ ಸಾಮಾನ್ಯ ದಿನ 55 ಕೂಡ ಬೇಕಾಗದು. ಉಳಿದದ್ದು ಒಂದೇ ಒಂದು ಕೋಣೆ ತಣ್ಣಗಿರುವ ಸಮಸ್ಯೆ. ಅದಕ್ಕೆ ಮದ್ದು ಇಡೀ ಮನೆಯ ನೀರನ್ನು 80ಕ್ಕೆ ಏರಿಸುವುದಲ್ಲ. ರೇಡಿಯೇಟರುಗಳ ಬುಡದ ಕವಾಟಗಳನ್ನು ತಿದ್ದಿ ನೀರು ಸಮನಾಗಿ ಹಂಚಿಹೋಗುವಂತೆ ಮಾಡುವುದು ಅಥವಾ ಆ ಒಂದು ಕೋಣೆಯ ರೇಡಿಯೇಟರನ್ನು ದೊಡ್ಡದು ಮಾಡುವುದು.

ಎರಡನೆಯ ಆಕ್ಷೇಪ ಹೆಚ್ಚು ಜನಪ್ರಿಯ: ನೀರು ತಣ್ಣಗಿದ್ದರೆ ಬಾಯ್ಲರ್ ಹೆಚ್ಚು ಹೊತ್ತು ಉರಿಯುತ್ತದೆ, ಅಲ್ಲಿಗೆ ಉಳಿದದ್ದೇನು? ಹೆಚ್ಚು ಹೊತ್ತು ಉರಿಯುವುದು ನಿಜ, ಹೆಚ್ಚು ಅನಿಲ ಉರಿಯುತ್ತದೆ ಎಂಬುದು ಸುಳ್ಳು. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊತ್ತು ಒಂದು ಲೆಕ್ಕ, ಉರಿಯ ಗಾತ್ರ ಇನ್ನೊಂದು. ಬದಲಿಗೆ ಹೆಚ್ಚಿನ ಬಿಸಿಯಲ್ಲೇ ಇನ್ನೊಂದು ನಷ್ಟ ಅಡಗಿದೆ. ರೇಡಿಯೇಟರಿಗೂ ನಲ್ಲಿಗೂ ಬಿಸಿ ಕೊಡುವ ಕಾಂಬಿ ಬಾಯ್ಲರುಗಳನ್ನು ಕೊಳ್ಳುವುದು ಸ್ನಾನದ ನೀರಿನ ಲೆಕ್ಕದಲ್ಲಿ. 24ರಿಂದ 30 ಕಿಲೋವ್ಯಾಟ್ ಸಾಮಾನ್ಯ. ಅದೇ ಮನೆಗೆ ಕಡುಚಳಿಯಲ್ಲೂ ಕೋಣೆ ಬೆಚ್ಚಗಿಡಲು 6ರಿಂದ 8 ಕಿಲೋವ್ಯಾಟ್ ಸಾಕಾಗಬಹುದು. ಇಷ್ಟು ದೊಡ್ಡ ಉರಿಯನ್ನು 80ಕ್ಕೆ ಕಟ್ಟಿದರೆ ಅದು ಭರ್ರೆಂದು ಹತ್ತಿ, ಥರ್ಮೋಸ್ಟ್ಯಾಟ್ ಸಾಕು ಎಂದ ಕೂಡಲೇ ಆರಿ, ಮತ್ತೆ ಹತ್ತಿ ದಿನ ಕಳೆಯುತ್ತದೆ. ಕೋಣೆಯೂ ಒಮ್ಮೆ ಸೆಕೆ ಒಮ್ಮೆ ಚಳಿ. ಆದರೆ ಈ ಆಕ್ಷೇಪದ ಒಂದು ಎಳೆಯನ್ನು ತಳ್ಳಿಹಾಕಲಾಗದು. ಇಡೀ ದಿನ ಹೊರಗಿದ್ದು ಸಂಜೆ ಎರಡು ಗಂಟೆ ಮಾತ್ರ ಮನೆ ಬೆಚ್ಚಗೆ ಬೇಕೆನ್ನುವವರು ನೀರನ್ನು 50ಕ್ಕೆ ಇಳಿಸಿದರೆ, ಮನೆ ಬಿಸಿಯೇರಲು ಬಾಯ್ಲರನ್ನು ಎಷ್ಟೋ ಮೊದಲೇ ಹಚ್ಚಬೇಕು. ಖಾಲಿ ಮನೆ ಬೆಚ್ಚಗಾದಷ್ಟೂ ಹೊತ್ತು ಬಿಸಿ ಸೋರುತ್ತದೆ, ಉಳಿದದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಪಂಪು ಹೆಚ್ಚು ಹೊತ್ತು ಓಡುವ ವಿದ್ಯುತ್ತೂ ಇದೆ, ಆದರೆ ಅದು ದಿನಕ್ಕೆ ಯೂನಿಟ್ಟಿನ ಸಣ್ಣ ಪಾಲು. ಆದ್ದರಿಂದ ಮನೆಯಲ್ಲಿ ವೃದ್ಧರೋ ಮಕ್ಕಳೋ ದಿನವಿಡೀ ಇರುವವರಿಗೆ 50, ಸಂಜೆಗೆ ಮಾತ್ರ ಬರುವವರಿಗೆ 60ರ ಹತ್ತಿರ ಎಂಬಂಥ ವ್ಯತ್ಯಾಸ ನ್ಯಾಯವೇ. ಯಾರ ಲೆಕ್ಕದಲ್ಲೂ 80ಕ್ಕೆ ಜಾಗವಿಲ್ಲ.

ಮೂರನೆಯ ಆಕ್ಷೇಪ ಆರೋಗ್ಯದ್ದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಿವೃತ್ತ ಸೈನಿಕರ ಸಮಾವೇಶಕ್ಕೆ ಬಂದವರನ್ನು ಬಲಿತೆಗೆದುಕೊಂಡ ಶ್ವಾಸಕೋಶದ ರೋಗಕ್ಕೆ ಕಾರಣವಾದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಅದಕ್ಕಾಗಿಯೇ ಬಿಸಿನೀರು ಶೇಖರಿಸುವ ತೊಟ್ಟಿಯನ್ನು 60 ಡಿಗ್ರಿಗೆ ಕಾಯಿಸಿಡಬೇಕು ಎಂದು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಹೇಳುತ್ತದೆ. ತೊಟ್ಟಿಯಿರುವ ಮನೆಗಳಲ್ಲಿ ರೇಡಿಯೇಟರಿಗೂ ತೊಟ್ಟಿಗೂ ಒಂದೇ ಬಿಸಿಯ ನೀರು ಹೋಗುವುದು ಸಾಮಾನ್ಯ; ಅಂಥಲ್ಲಿ ಬಾಯ್ಲರನ್ನು 50ಕ್ಕೆ ಇಳಿಸಿದರೆ ತೊಟ್ಟಿ 60 ಮುಟ್ಟುವುದೇ ಇಲ್ಲ. ಅವರು 65ಕ್ಕಿಂತ ಕೆಳಗೆ ಹೋಗಬಾರದು ಎಂಬ ಎಚ್ಚರಿಕೆ ಸರಿಯಾದದ್ದು. ಆದರೆ ಕಾಂಬಿ ಬಾಯ್ಲರಿನಲ್ಲಿ ನೀರು ನಿಲ್ಲುವ ತೊಟ್ಟಿಯೇ ಇಲ್ಲ. ನಲ್ಲಿ ತಿರುಗಿಸಿದಾಗ ಹರಿಯುತ್ತಲೇ ಕಾಯುತ್ತದೆ. ರೇಡಿಯೇಟರಿಗೆ ಒಂದು ಗುಂಡಿ, ನಲ್ಲಿಗೆ ಇನ್ನೊಂದು. ರೇಡಿಯೇಟರಿನಲ್ಲಿ ಸುತ್ತುವ ನೀರು ಮುಚ್ಚಿದ ಕೊಳವೆಯದು, ಅದನ್ನು ಯಾರೂ ಕುಡಿಯುವುದೂ ಇಲ್ಲ, ಮೈಗೆ ಸುರಿದುಕೊಳ್ಳುವುದೂ ಇಲ್ಲ. ತೊಟ್ಟಿಯ ಮನೆಗಳಿಗೂ ದಾರಿಯಿದೆ: ತೊಟ್ಟಿ ಕಾಯುವ ಅರ್ಧ ಗಂಟೆ ಬಿಸಿ ಏರಿಸಿ, ಮುಗಿದ ಮೇಲೆ ರೇಡಿಯೇಟರಿಗೆ ಇಳಿಸುವ ನಿಯಂತ್ರಣ. ಜರ್ಮನಿಯಲ್ಲಿ ಇದು ಮಾಮೂಲು. ಬ್ರಿಟನ್ನಿನಲ್ಲಿ ಕೇಳಿ ಹಾಕಿಸಿಕೊಳ್ಳಬೇಕು. ಆರೋಗ್ಯದ ಆಕ್ಷೇಪ ಕೊನೆಗೆ ಹೇಳುವುದು ಇದನ್ನು: ಎರಡು ಕೆಲಸಕ್ಕೆ ಎರಡು ಅಂಕಿ ಬೇಕು, ಒಂದೇ ಅಂಕಿಯಲ್ಲಿ ಎರಡನ್ನೂ ಸಾಗಹಾಕುವ ಸೋಮಾರಿತನವೇ ಅಪಾಯ.

ಚಳಿಗೆ ಬೇಗ ಸೋಲುವವರ ಪ್ರಶ್ನೆಯೂ ಇದೆ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮಾರ್ಗಸೂಚಿಯಲ್ಲಿ ಹೇಳಿದೆ. ವಯಸ್ಸಾದವರಿಗೆ, ಹಸುಗೂಸುಗಳಿಗೆ, ಕಾಯಿಲೆಯವರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದು. 'ಗುಂಡಿ ಇಳಿಸಿ' ಎಂಬ ಪ್ರಚಾರವನ್ನು ಅವರು ಕೋಣೆಯ ಗುಂಡಿ ಎಂದು ತಿಳಿದು ಚಳಿಯಲ್ಲಿ ನಡುಗಿದರೆ ಆ ಪ್ರಚಾರ ಉಳಿಸಿದ ಅನಿಲಕ್ಕೆ ಅರ್ಥವಿಲ್ಲ. ಹಾಗೆಂದು ನೀರಿನ ಗುಂಡಿಯನ್ನು ದೂರುವುದು ಸರಿಯಲ್ಲ, ಏಕೆಂದರೆ ಎರಡರಲ್ಲಿ ಬಡವರಿಗೆ ಹೆಚ್ಚು ಒದಗುವುದು ಅದೇ. ಕೋಣೆಯ ಬಿಸಿ ಇಳಿಸುವುದು ಇಲ್ಲದವರು ಆಗಲೇ ಮಾಡಿ ಮುಗಿಸಿರುವ ಉಳಿತಾಯ. ನೀರಿನ ಬಿಸಿ ಇಳಿಸಿದರೆ ಅವರು ಮೈಗೆ ಚಳಿ ತಾಗಿಸಿಕೊಳ್ಳದೆ ಉಳಿಸಬಹುದು. ಅದಕ್ಕಾಗಿ ಪ್ರಚಾರದ ಭಾಷೆ ಹೆಚ್ಚು ಬಿಡಿಸಿ ಹೇಳಬೇಕಿತ್ತು: ಕೋಣೆಯ ಅಂಕಿಯನ್ನು ಮುಟ್ಟಬೇಡಿ, ಬಾಯ್ಲರಿನದನ್ನು ಮಾತ್ರ ಇಳಿಸಿ. ತೀರಾ ಹಳೆಯ, ಕಂಡೆನ್ಸಿಂಗ್ ಅಲ್ಲದ ಬಾಯ್ಲರ್ ಉಳಿದಿರುವ ಮನೆಗಳಿಗೆ ಈ ಸಲಹೆ ಅನ್ವಯಿಸುವುದೇ ಇಲ್ಲ. ಅಲ್ಲಿ ತಣ್ಣೀರು ಮರಳಿದರೆ ಲಾಭಕ್ಕಿಂತ ತುಕ್ಕೇ ಹೆಚ್ಚು.

ಇಷ್ಟೆಲ್ಲ ಮಾತಾಡಿ ಕೊನೆಗೆ ಉಳಿಯುವುದು ಶೇಕಡಾ 6ರಿಂದ 8 ತಾನೇ ಎಂದು ಮೂಗು ಮುರಿಯುವವರಿದ್ದಾರೆ. ವರ್ಷಕ್ಕೆ 12,000 ಯೂನಿಟ್ ಅನಿಲ ಉರಿಸುವ ಮನೆಯಲ್ಲಿ ಅದು 720ರಿಂದ 960 ಯೂನಿಟ್. 2022ರ ಚಳಿಗಾಲದ ದರದಲ್ಲಿ 75ರಿಂದ 100 ಪೌಂಡ್. ಅಟ್ಟಕ್ಕೆ ಹೊದಿಕೆ ಹಾಸುವುದಕ್ಕೆ, ಕಿಟಕಿ ಬದಲಿಸುವುದಕ್ಕೆ ದುಡ್ಡು ಸುರಿಯಬೇಕು, ಇದಕ್ಕೆ ಕಾಸಿಲ್ಲ. ಒಂದು ಮನೆಗೆ ಸಣ್ಣದಾದದ್ದು ಎರಡು ಕೋಟಿಗೂ ಹೆಚ್ಚು ಬಾಯ್ಲರುಗಳ ದೇಶಕ್ಕೆ ಸಣ್ಣದಲ್ಲ. ಇದಕ್ಕಿಂತ ಮುಖ್ಯವಾದ ಲಾಭ ಮುಂದಿನದು. 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಹೀಟ್ ಪಂಪ್ ಕೂಡಿಸುವ ಗುರಿಯನ್ನು ಬ್ರಿಟನ್ ಇಟ್ಟುಕೊಂಡಿತ್ತು. ಹೊರಗಿನ ಗಾಳಿಯಿಂದ ಬಿಸಿ ಎತ್ತಿ ಒಳಗೆ ತರುವ ಆ ಯಂತ್ರ ನೀರು ತಂಪಾದಷ್ಟೂ ಕಡಿಮೆ ವಿದ್ಯುತ್ತಿನಲ್ಲಿ ದುಡಿಯುತ್ತದೆ. 80 ಡಿಗ್ರಿಯ ಮನೆಗೆ ಅದು ದುಬಾರಿ. 'ನಮ್ಮ ಮನೆಗೆ ಹೀಟ್ ಪಂಪ್ ಒಗ್ಗುವುದಿಲ್ಲ' ಎನ್ನುವವರು ತಮ್ಮ ಬಾಯ್ಲರನ್ನು ಒಂದು ಚಳಿಗಾಲ 50ರಲ್ಲಿ ಓಡಿಸಿ ನೋಡಿದರೆ ಆ ಮಾತು ನಿಜವೋ ಸುಳ್ಳೋ ಖರ್ಚಿಲ್ಲದೆ ತಿಳಿಯುತ್ತದೆ. ಯಾವ ಕೋಣೆ ಸೋಲುತ್ತದೆ, ಯಾವ ರೇಡಿಯೇಟರ್ ಸಾಲದು ಎಂಬ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ.

ಈಗ '60' ಎಂಬ ಸಲಹೆ ಏಕೆ ಅರ್ಧ ದಾರಿಯದು ಎಂಬ ಮಾತಿಗೆ ಬರಬಹುದು. ಮೇಲಿನ ಲೆಕ್ಕಗಳೆಲ್ಲ ತೋರಿಸುವುದು ಒಂದನ್ನೇ: ಸರಿಯಾದ ಅಂಕಿ ಮನೆಯಿಂದ ಮನೆಗೆ ಬೇರೆ, ಒಂದೇ ಮನೆಯಲ್ಲಿ ದಿನದಿಂದ ದಿನಕ್ಕೆ ಬೇರೆ. ಅಕ್ಟೋಬರಿನ 12 ಡಿಗ್ರಿಯ ಸಂಜೆಗೆ 40 ಸಾಕು, ಜನವರಿಯ ಹಿಮದ ಬೆಳಿಗ್ಗೆಗೆ 60 ಬೇಕು. ಇದು ಪಾಕದ ಹದದ ಹಾಗೆ. ಒಮ್ಮೆ ಹೇಳಿ ಮುಗಿಸುವ ಅಂಕಿಯಾಗಲಾರದು. ದಿನವೂ ಹವಾಮಾನ ನೋಡಿ ಗುಂಡಿ ತಿರುಗಿಸಿ ಎಂದು ಮನೆಯವರಿಗೆ ಹೇಳುವುದು ಹುಚ್ಚುತನ. ಆ ಕೆಲಸಕ್ಕೆಂದೇ ಉಪಕರಣವಿದೆ: ಮನೆಯ ಹೊರಗೋಡೆಗೆ ಒಂದು ಸಣ್ಣ ಸಂವೇದಕ, ಅದು ಹೊರಗಿನ ಚಳಿ ನೋಡಿ ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುತ್ತದೆ. ಜರ್ಮನಿಯಲ್ಲಿ ಇದು ದಶಕಗಳಿಂದ ವಾಡಿಕೆ. ಬ್ರಿಟನ್ನಿನ ನಿಯಮಗಳು ಇದರ ಹತ್ತಿರ ಬಂದು ಬಂದು ಹಿಂದೆ ಸರಿದಿವೆ. 2018ರಲ್ಲಿ ಇಂಗ್ಲೆಂಡಿಗೆ ಬಂದ ಬಾಯ್ಲರ್ ಪ್ಲಸ್ ನಿಯಮ ಕಾಂಬಿ ಬಾಯ್ಲರಿನ ಜೊತೆ ನಾಲ್ಕು ಉಪಾಯಗಳಲ್ಲಿ ಒಂದನ್ನು ಹಾಕಬೇಕು ಎಂದಿತು. ಹವಾಮಾನ ನೋಡಿ ಬಿಸಿ ತಿದ್ದುವುದು ಆ ನಾಲ್ಕರಲ್ಲಿ ಒಂದು ಮಾತ್ರ. ಉಳಿದವುಗಳಲ್ಲಿ ಒಂದನ್ನು ಆರಿಸಿ ನೀರನ್ನು 80ರಲ್ಲೇ ಬಿಟ್ಟರೂ ನಿಯಮ ಪಾಲಿಸಿದಂತೆ. 2022ರ ಜೂನ್‌ನಲ್ಲಿ ಬಂದ ನಿಯಮ ಹೊಸ ವ್ಯವಸ್ಥೆಯನ್ನು 55 ಡಿಗ್ರಿಗೆ ಮೀರದಂತೆ ರೂಪಿಸಬೇಕೆಂದು ಹೇಳಿತು, ಸರಿಯಾದ ಮಾತು. ಆದರೆ ಅದು ಹೊಸ ಮನೆಗೆ, ಇಲ್ಲವೇ ಬಾಯ್ಲರಿನ ಜೊತೆ ಕೊಳವೆ ರೇಡಿಯೇಟರುಗಳೂ ಪೂರ್ತಿ ಬದಲಾಗುವ ಮನೆಗೆ. ಹಳೆಯ ಪೆಟ್ಟಿಗೆ ತೆಗೆದು ಅದೇ ಜಾಗಕ್ಕೆ ಹೊಸದನ್ನು ತಗುಲಿಸುವ ದಿನನಿತ್ಯದ ಕೆಲಸ ಅದರ ಕೈಗೆ ಸಿಗುವುದಿಲ್ಲ.

ಇದರಲ್ಲಿ ಕನ್ನಡಿಗರಿಗೆ ಎರಡು ಕಡೆಯಿಂದ ಸಂಬಂಧವಿದೆ. ಲಂಡನ್, ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರುಗಳಲ್ಲಿ ನೆಲೆಸಿದ ನಮ್ಮವರು ಕೋಣೆ ಕಾಯಿಸುವ ಅಭ್ಯಾಸವೇ ಇಲ್ಲದ ಊರುಗಳಿಂದ ಹೋದವರು. ಬಾಡಿಗೆ ಮನೆಯ ಬಾಯ್ಲರ್ ಮುಟ್ಟಬಾರದ ವಸ್ತು ಎಂದು ತಿಳಿದು ಕೋಣೆಯ ಥರ್ಮೋಸ್ಟ್ಯಾಟನ್ನೇ ತಗ್ಗಿಸಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಳ್ಳುವುದು ಬೇಕಾಗಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯುವುದು ಗ್ಯಾಸ್ ಸೇಫ್ ಎಂಬ ಕೆಲಸಗಾರರ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇರುವವರ ಕೆಲಸ. ಮುಖದ ಮೇಲಿನ ಗುಂಡಿ ಮನೆಯಲ್ಲಿರುವವರದು. ಊರಿನಲ್ಲಿರುವವರ ವಿದ್ಯುತ್ ಗೀಸರಿಗೆ ಮಾತ್ರ ಈ ವಾದವನ್ನು ಹಾಗೇ ಎತ್ತಿ ಹಾಕಬಾರದು. ಅಲ್ಲಿ ಹೊಗೆಯೂ ಇಲ್ಲ, ಆವಿಯಲ್ಲಿ ಅಡಗಿದ ಶಾಖವೂ ಇಲ್ಲ. ವಿದ್ಯುತ್ ಹೊತ್ತ ಸುರುಳಿಯ ಬಿಸಿಯೆಲ್ಲ ನೀರಿಗೇ ಹೋಗುತ್ತದೆ. ಅಲ್ಲಿನ ನಷ್ಟ ತೊಟ್ಟಿಯ ಗೋಡೆಯಿಂದ ಸೋರುವುದು. ಗೀಸರಿನ ಮೇಲಿನ ನಕ್ಷತ್ರಗಳು ಅಳೆಯುವುದೂ ಅದನ್ನೇ. ಆದ್ದರಿಂದ ಅಲ್ಲಿ ಲಾಭ ಬರುವುದು ಬೇಕಾದಾಗ ಹಾಕಿ ಬೇಡವಾದಾಗ ಆರಿಸುವುದರಿಂದ. ನೀರನ್ನು 45ಕ್ಕೆ ಇಳಿಸಿ ದಿನವಿಡೀ ನಿಲ್ಲಿಸುವುದು ಲೀಜನೆಲ್ಲಾದ ಭಯವಿರುವ ದಾರಿ. ಒಂದು ಯಂತ್ರದ ಜಾಣತನ ಇನ್ನೊಂದಕ್ಕೆ ತಪ್ಪಾಗಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಒಟ್ಟು ತೀರ್ಮಾನ ಹೀಗೆ. ಕಾಂಬಿ ಬಾಯ್ಲರ್ ಇರುವವರು ರೇಡಿಯೇಟರಿನ ಗುಂಡಿಯನ್ನು 55ಕ್ಕೆ ಇಡಬೇಕು, ಕೋಣೆಯ ಅಂಕಿಯನ್ನು ಮುಟ್ಟಬಾರದು, ಒಂದು ವಾರ ನೋಡಬೇಕು. ಮನೆ ಹೊತ್ತಿಗೆ ಸರಿಯಾಗಿ ಬೆಚ್ಚಗಾದರೆ ಇನ್ನೂ 5 ಡಿಗ್ರಿ ಇಳಿಸಬೇಕು, ಸೋತರೆ 5 ಏರಿಸಬೇಕು. ಕಡುಚಳಿಯ ನಾಲ್ಕು ದಿನ ಏರಿಸಿದ್ದನ್ನು ಚಳಿ ಇಳಿದ ಮೇಲೆ ಮತ್ತೆ ಇಳಿಸಲು ಮರೆಯಬಾರದು. ತೊಟ್ಟಿ ಇರುವವರು 65ಕ್ಕಿಂತ ಕೆಳಗೆ ಹೋಗದೆ, ಮುಂದಿನ ದುರಸ್ತಿಯ ಹೊತ್ತಿಗೆ ಎರಡು ಬಿಸಿಯ ನಿಯಂತ್ರಣ ಕೇಳಬೇಕು. ನಿಯಮ ಬರೆಯುವವರು ಮಾಡಬೇಕಾದದ್ದು ಇನ್ನೂ ಸುಲಭ: ಯಾವುದೇ ಬಾಯ್ಲರನ್ನು ಮನೆಯವರ ಕೈಗೊಪ್ಪಿಸುವ ದಿನ ಅದರ ಗುಂಡಿ 55 ದಾಟಿರಬಾರದು, ದಾಟಿದ್ದರೆ ಕಾರಣ ಬರೆದಿಡಬೇಕು, ಹೊರಗೋಡೆಯ ಸಂವೇದಕ ಆಯ್ಕೆಯ ಪಟ್ಟಿಯಿಂದ ಕಡ್ಡಾಯದ ಪಟ್ಟಿಗೆ ಬರಬೇಕು. ಬಾಯ್ಲರ್ ತನ್ನ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮೀಟರೂ ಬೇಕಿಲ್ಲ. ಅದರ ಕೆಳಗಿನಿಂದ ಮೋರಿಗೆ ಹೋಗುವ ಪ್ಲಾಸ್ಟಿಕ್ ಕೊಳವೆಯಲ್ಲಿ ಹುಳಿನೀರು ಹರಿಯುತ್ತಿದ್ದರೆ ಆವಿಯ ಶಾಖ ಮನೆಗೆ ದಕ್ಕುತ್ತಿದೆ. ಚಳಿಗಾಲದ ನಡುವೆ ಬಾಯ್ಲರ್ ಉರಿಯುತ್ತಿರುವಾಗಲೂ ಆ ಕೊಳವೆ ಒಣಗಿದ್ದರೆ, ಕಂಡೆನ್ಸಿಂಗ್ ಬಾಯ್ಲರ್ ಎಂಬುದು ಡಬ್ಬದ ಮೇಲಿನ ಹೆಸರು ಮಾತ್ರ.